ಮಲಗಿದವರ ಊರಲ್ಲಿ ಜಾರುವವರು

ದಾವೋಸ್ ಎಂದರೆ ನಮ್ಮ ಕಡೆಯವರಿಗೆ ಮಂತ್ರಿಗಳು ಕೋಟು ತೊಟ್ಟು ಬಂಡವಾಳ ತರಲು ಹೋಗುವ ಊರು. ನನ್ನಂಥ ಉಬ್ಬಸದವಳಿಗೆ ಅದರ ಹಳೆಯ ಕಥೆಯೇ ಹೆಚ್ಚು ಹತ್ತಿರ. 1,560 ಮೀಟರ್ ಎತ್ತರದ ಈ ಸ್ವಿಸ್ ಕಣಿವೆಗೆ ಹೊರಗಿನವರು ಮೊದಲು ಬಂದದ್ದೇ ಕೆಟ್ಟ ಶ್ವಾಸಕೋಶ ಹೊತ್ತುಕೊಂಡು. ಸ್ಕೀಯಿಂಗ್ ಬಂದದ್ದು ಆ ರೋಗಿಗಳ ಬೆನ್ನಿಗೆ.

ಜರ್ಮನಿಯ ದಂಗೆಯಲ್ಲಿ ಪಾಲ್ಗೊಂಡು ದೇಶ ಬಿಟ್ಟು ಬಂದಿದ್ದ ಅಲೆಕ್ಸಾಂಡರ್ ಸ್ಪೆಂಗ್ಲರ್ 1853ರಲ್ಲಿ ಇಲ್ಲಿ ವೈದ್ಯನಾದ. ಊರವರಲ್ಲಿ ಕ್ಷಯ ಕಾಣದ್ದನ್ನು ಗಮನಿಸಿ, ಇಲ್ಲಿಯ ಗಾಳಿಯೇ ಮದ್ದು ಎಂದ. 1865ರ ಚಳಿಗಾಲದಲ್ಲಿ ಇಬ್ಬರು ರೋಗಿಗಳು ಹಿಮದ ನಡುವೆಯೇ ಉಳಿದು ಚೇತರಿಸಿಕೊಂಡರು. ಅಷ್ಟೇ ಸಾಕಾಯಿತು. ಹಾಲು, ವೈನು, ನಡಿಗೆ ಎಂದಿದ್ದ ಸ್ಪೆಂಗ್ಲರನ ಕಾಲದ ನಂತರ, 1889ರಲ್ಲಿ ಕಾರ್ಲ್ ಟುರ್ಬಾನ್ ಸ್ಯಾನಟೋರಿಯಂ ತೆರೆದು ಎಲ್ಲರನ್ನೂ ಮಲಗಿಸಿಬಿಟ್ಟ. ಕೊರೆಯುವ ಚಳಿಯಲ್ಲಿ ಬಾಲ್ಕನಿಯ ಮೇಲೆ ಕಂಬಳಿ ಸುತ್ತಿಕೊಂಡು ಗಂಟೆಗಟ್ಟಲೆ ಅಲ್ಲಾಡದೆ ಮಲಗಬೇಕು. ಕಫವನ್ನು ಜೇಬಿನ ನೀಲಿ ಬಾಟಲಿಗೆ ಉಗುಳಬೇಕು. ಕ್ಷಯಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ ಇರುವ ಮೈಸೂರಿನವಳು ನಾನು. ಆ ಕಟ್ಟಡದ ಮುಂದೆ ಹಾದುಹೋಗುವಾಗ ಅಜ್ಜಿ ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದಳು. ದಾವೋಸಿನಲ್ಲಿ ಅದೇ ರೋಗ ಹೋಟೆಲು, ರೈಲು, ಪೇಟೆ ಎಲ್ಲವನ್ನೂ ಕಟ್ಟಿತು.

ರೋಗಿ ಮಲಗಿದ್ದರೆ ಜೊತೆಗೆ ಬಂದ ಗಂಡ, ಅಣ್ಣ, ಮಗಳು ದಿನವಿಡೀ ಮಾಡುವುದೇನು? ಈ ಬೇಸರವೇ ಆಟಗಳ ತಾಯಿ ಎಂದು ನನ್ನ ಅನಿಸಿಕೆ. ಸ್ವತಃ ಶ್ವಾಸಕೋಶದ ರೋಗಿಯಾಗಿದ್ದ ಇಂಗ್ಲಿಷ್ ಲೇಖಕ ಜಾನ್ ಆಡಿಂಗ್ಟನ್ ಸೈಮಂಡ್ಸ್ ಇಲ್ಲೇ ನೆಲೆಸಿ ಸ್ಲೆಡ್ಜ್ ಪಂದ್ಯಗಳಿಗೆ ನಾಂದಿ ಹಾಡಿದ. ಸ್ಕೀಗೆ ಹೆಸರು ತಂದವನು ಮಾತ್ರ ಆರ್ಥರ್ ಕಾನನ್ ಡಾಯ್ಲ್. ಹೆಂಡತಿ ಲೂಯಿಸಾಗೆ ಕ್ಷಯ. ಕೆಲವೇ ತಿಂಗಳು ಎಂದಿದ್ದರು ವೈದ್ಯರು. 1893ರಲ್ಲಿ ಅವಳನ್ನು ಇಲ್ಲಿಗೆ ಕರೆತಂದ. (ಆಕೆ 1906ರವರೆಗೂ ಬದುಕಿದಳು.) ಊರಿನ ಬ್ರಾಂಗರ್ ಸಹೋದರರು ಜನ ನಗುತ್ತಾರೆಂದು ಕತ್ತಲಾದ ಮೇಲೆ ಸ್ಕೀ ಕಲಿಯುತ್ತಿದ್ದರು. 1894ರ ಮಾರ್ಚಿನಲ್ಲಿ ಡಾಯ್ಲ್ ಅವರ ಜೊತೆ 2,400 ಮೀಟರಿಗೂ ಎತ್ತರದ ಮೈಯೆನ್‌ಫೆಲ್ಡರ್ ಫುರ್ಗಾ ಕಣಿವೆದಾರಿ ದಾಟಿ ಆರೋಸಾಗೆ ಹೋದ. ಕಡಿದಾದೊಂದು ಇಳಿಜಾರಿನಲ್ಲಿ ಅವನ ಸ್ಕೀಗಳು ಕೈತಪ್ಪಿ ಹೋಗಿ, ಕುಂಡಿಯ ಮೇಲೆಯೇ ಜಾರಿ ಪ್ಯಾಂಟು ಸವೆಸಿಕೊಂಡ. ಆರೋಸಾದ ಹೋಟೆಲಿನ ದಾಖಲೆಯಲ್ಲಿ ಟೋಬಿಯಾಸ್ ಬ್ರಾಂಗರ್ ಇವನ ವೃತ್ತಿಯನ್ನು ಕ್ರೀಡಾಪಟು ಎಂದೇ ಬರೆದನಂತೆ. ಅದೇ ವರ್ಷ ಸ್ಟ್ರ್ಯಾಂಡ್ ಪತ್ರಿಕೆಯಲ್ಲಿ ಅನುಭವ ಬರೆದು, ಮುಂದೆ ನೂರಾರು ಇಂಗ್ಲಿಷರು ಇದಕ್ಕೆಂದೇ ಬರುತ್ತಾರೆ ಎಂದ. ಬಂದರು.

ರೋಗಿಗಳಿಗೆ ಮಾತ್ರ ಸ್ಕೀ ನಿಷಿದ್ಧ. ಥಾಮಸ್ ಮನ್‌ನ 1924ರ ಕಾದಂಬರಿ ‘ದಿ ಮ್ಯಾಜಿಕ್ ಮೌಂಟನ್’ನ ನಾಯಕ ಸ್ಯಾನಟೋರಿಯಂ ನಿಯಮ ಮುರಿದೇ ಸ್ಕೀ ಕಟ್ಟಿಕೊಳ್ಳುತ್ತಾನೆ.

1934ರಲ್ಲಿ ಬೋಲ್ಗೆನ್ ಇಳಿಜಾರಿಗೆ ಸ್ಕೀ ಲಿಫ್ಟ್ ಬಂತು. ಹತ್ತು ವರ್ಷ ಕಳೆಯುವುದರೊಳಗೆ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಔಷಧಿ ಸಿಕ್ಕಿತು, ಕ್ರಮೇಣ ಬಾಲ್ಕನಿಗಳು ಖಾಲಿಯಾದವು. 1900ರಲ್ಲಿ ತೆರೆದಿದ್ದ ಶಾಟ್ಸಾಲ್ಪ್ ಸ್ಯಾನಟೋರಿಯಂ 1950ರ ದಶಕದಲ್ಲಿ ಹೋಟೆಲಾಯಿತು.

ಸ್ಪೆಂಗ್ಲರ್ ಗಾಳಿಯನ್ನು ಹೊಗಳಿದ್ದು ಕ್ಷಯದ ಮಟ್ಟಿಗೆ ಅತಿಯಾಯಿತು. ಉಬ್ಬಸಕ್ಕೆ ಅದರಲ್ಲಿ ಒಂದಿಷ್ಟು ನಿಜವಿದೆ: ಇಲ್ಲಿಯ ಒಣಹವೆಯಲ್ಲಿ ಹಾಸಿಗೆಯ ಧೂಳುಹುಳ ಬದುಕುವುದು ಕಷ್ಟ. ರಾತ್ರಿ ನನಗೆ ಸೊಗಸಾದ ನಿದ್ದೆ. ಆದರೆ ಅದೇ ಒಣ ಚಳಿಗಾಳಿಯನ್ನು ಏದುಸಿರಿನಲ್ಲಿ ಎಳೆದುಕೊಂಡರೆ ಶ್ವಾಸನಾಳ ಬಿಗಿಯುತ್ತದೆ. ಮೇಲೆ ಬೆಟ್ಟದಲ್ಲಿ, ಸ್ಕೀ ಮಾಡುವ ವೈಸ್‌ಫ್ಲೂಯೋಖಿನಲ್ಲಿ, ಗಾಳಿಯ ಒತ್ತಡವೂ ಸಮುದ್ರಮಟ್ಟದ ಮುಕ್ಕಾಲಿಗಿಂತ ಕಡಿಮೆ. ವೈದ್ಯರ ಸಲಹೆಯಂತೆ ಸ್ಕೀಗೆ ಹೊರಡುವ ಮೊದಲೇ ಇನ್‌ಹೇಲರ್ ಎಳೆದುಕೊಳ್ಳುತ್ತೇನೆ, ಆಮೇಲೆ ಅದನ್ನು ಒಳಅಂಗಿಯ ಜೇಬಿನಲ್ಲಿಡುತ್ತೇನೆ. ತಣ್ಣಗಾದರೆ ಡಬ್ಬಿ ಸರಿಯಾಗಿ ಔಷಧಿ ಚಿಮ್ಮುವುದಿಲ್ಲ. ಮೂಗಿಗೆ ಉಣ್ಣೆಯ ಪಟ್ಟಿ, ಮೊದಲರ್ಧ ಗಂಟೆ ಮಕ್ಕಳ ಇಳಿಜಾರು. ಪಕ್ಕದಲ್ಲಿ ಐದು ವರ್ಷದ ಪೋರರು ಸರ್ರನೆ ಹಾದುಹೋಗುತ್ತಾರೆ, ಹೋಗಲಿ.