ಸಾಯುವವರ ಬಳಿ ಕೂತವರು

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ತುಂಬ ಸಾವಿನ ದಾಖಲೆಗಳಿವೆ. ಸುಮಾರು ಕ್ರಿ.ಶ. 600ರಿಂದ ಮುನಿಗಳು, ಗಂತಿಯರೆಂಬ ಸನ್ಯಾಸಿನಿಯರು, ಆಮೇಲೆ ಅರಸರು, ಗೃಹಸ್ಥರು ಅಲ್ಲಿ ಉಪವಾಸವಿದ್ದು ಸಾವನ್ನು ಬರಮಾಡಿಕೊಳ್ಳುವ ಜೈನರ ಸಲ್ಲೇಖನ ವ್ರತದಿಂದ ದೇಹ ಬಿಟ್ಟ ಸುದ್ದಿಯನ್ನು ಕಲ್ಲಿನ ಮೇಲೆ ಕೆತ್ತುತ್ತ ಬಂದರು. ಬಿ.ಎಲ್. ರೈಸ್ 1889ರಲ್ಲಿ ಈ ಶಾಸನಗಳನ್ನು ಅಚ್ಚಿಗೆ ತಂದರು. ಷ. ಶೆಟ್ಟರ್ ಇವನ್ನು ಆಧರಿಸಿ ‘ಸಾವಿಗೆ ಆಹ್ವಾನ’, ‘ಸಾವನ್ನು ಅರಸಿ’ ಎಂಬ ದೊಡ್ಡ ಅಧ್ಯಯನಗಳನ್ನೇ ಬರೆದರು. ಆದರೂ ಈ ಕಲ್ಲುಗಳ ಮುಂದೆ ನಿಂತಾಗ ನಮ್ಮ ಕಣ್ಣು ಹೋಗುವುದು ಸತ್ತವರ ಮೇಲೆ: ಅವರು ಎಷ್ಟು ದಿನ ಉಪವಾಸವಿದ್ದರು, ಎಂಥ ಗಟ್ಟಿ ಮನಸ್ಸು ಅವರದು ಎಂಬುದರ ಮೇಲೆ. ಅವರ ಪಕ್ಕದಲ್ಲಿ ರಾತ್ರಿಯಿಡೀ ಎಚ್ಚರವಿದ್ದು, ಮೈ ಒತ್ತಿ, ಮಗ್ಗುಲು ಬದಲಿಸಿ, ಕತೆ ಹೇಳಿ, ಹೊಲಸು ಬಳಿದವರೂ ಇದ್ದರು. ಈ ಕಲ್ಲುಗಳು ಅವರ ಚರಿತ್ರೆಯೂ ಹೌದೆಂದು ನಾನು ತಿಳಿಯುತ್ತೇನೆ. ಆ ಕಡೆಯಿಂದ ಓದಿದರೆ ಕನ್ನಡದ ಗದ್ಯ ಹುಟ್ಟಿದ ಸಂದರ್ಭವೂ ಬೇರೆಯಾಗಿ ಕಾಣುತ್ತದೆ.

ಇದಕ್ಕೆ ಮುಖ್ಯ ಆಧಾರ ಶಿವಾರ್ಯನ ಪ್ರಾಕೃತ ಗ್ರಂಥ ‘ಭಗವತೀ ಆರಾಧನಾ’. ಎರಡು ಸಾವಿರಕ್ಕೂ ಹೆಚ್ಚು ಗಾಹೆಗಳ ಈ ಗ್ರಂಥ ವ್ರತ ಹಿಡಿದವನನ್ನು ಕ್ಷಪಕನೆಂದೂ ಅವನ ಆರೈಕೆಗೆ ನಿಂತವರನ್ನು ನಿರ್ಯಾಪಕರೆಂದೂ ಕರೆಯುತ್ತದೆ. ಸರಕು ತುಂಬಿದ ಹಡಗನ್ನು ದಡ ಮುಟ್ಟಿಸುವ ನಾವಿಕನಂತೆ ನಿರ್ಯಾಪಕ. ಒಬ್ಬ ಕ್ಷಪಕನಿಗೆ ನಲವತ್ತೆಂಟು ನಿರ್ಯಾಪಕರು ಇರಬೇಕು. ನಾಲ್ವರು ಮೈ ಒತ್ತಿ ಎಬ್ಬಿಸಿ ಕೂರಿಸಲು, ನಾಲ್ವರು ಧರ್ಮಕಥೆ ಹೇಳಲು, ನಾಲ್ವರು ಮಲಮೂತ್ರ ತೆಗೆಯಲು, ನಾಲ್ವರು ಬಾಗಿಲು ಕಾಯಲು, ನಾಲ್ವರು ರಾತ್ರಿ ಎಚ್ಚರವಿರಲು, ಹೀಗೆ ಕೆಲಸ ಹಂಚಿಕೆಯಾಗುತ್ತದೆ. ಅಷ್ಟು ಜನ ಸಿಗದ ಕಡೆ ಸಂಖ್ಯೆ ಇಳಿಸಬಹುದು, ಆದರೆ ಇಬ್ಬರಿಗಿಂತ ಕಡಿಮೆಯಾಗಕೂಡದು. ಒಬ್ಬನೇ ಇದ್ದರೆ ಅವನು ಭಿಕ್ಷೆಗೆ ಹೋದಾಗ ರೋಗಿ ಒಂಟಿಯಾಗುತ್ತಾನೆ, ಹೋಗದಿದ್ದರೆ ಆರೈಕೆಯವನೇ ಸೊರಗುತ್ತಾನೆ. ಆರೈಕೆ ಮಾಡುವವನಿಗೂ ದಣಿವು, ಹಸಿವು ಇವೆಯೆಂದು ಲೆಕ್ಕ ಹಾಕಿದ ಈ ನಿಯಮವನ್ನು ಹಾಸಿಗೆ ಹಿಡಿದವರನ್ನು ನೋಡಿಕೊಂಡ ಅನುಭವವಿಲ್ಲದವರು ಬರೆದಿರಲಾರರು. ನೋವು ಎದ್ದಾಗ ಬಸ್ತಿ, ಕಾವು, ಲೇಪ, ತಂಪಿನ ಉಪಚಾರ, ಅಭ್ಯಂಗ ಮಾಡಬೇಕೆಂದೂ ಗ್ರಂಥ ಹೇಳುತ್ತದೆ. ಈ ಸೇವೆಗೆ ವೈಯಾವೃತ್ತ್ಯ ಎಂದು ಹೆಸರು. ‘ತತ್ತ್ವಾರ್ಥಸೂತ್ರ’ ಇದನ್ನು ಧ್ಯಾನ, ಸ್ವಾಧ್ಯಾಯಗಳ ಸಾಲಿನಲ್ಲಿಟ್ಟು ಆರು ಒಳತಪಸ್ಸುಗಳಲ್ಲಿ ಒಂದೆಂದು ಎಣಿಸಿದೆ.

ಮದ್ದಿನಿಂದಲೂ ನೋವು ತಗ್ಗದಿದ್ದರೆ? ಆಗ ಆಚಾರ್ಯ ಮಾತಿನಿಂದ ಕ್ಷಪಕನಿಗೆ ಕವಚ ತೊಡಿಸಬೇಕು. ಹಿಂದೆ ಇಂಥದೇ ಯಾತನೆ ಸಹಿಸಿದವರನ್ನು ನೆನಪಿಸಿ ಅವನ ಮನಸ್ಸನ್ನು ಹಿಡಿದು ನಿಲ್ಲಿಸಬೇಕು. ಮರಿಗಳೊಂದಿಗೆ ಬಂದ ನರಿ ಮೈ ತಿನ್ನುತ್ತಿದ್ದರೂ ಅಲುಗದ ಸುಕುಮಾರಸ್ವಾಮಿ, ಮೈತುಂಬ ರೋಗ ಹೊತ್ತ ಸನತ್ಕುಮಾರ ಚಕ್ರವರ್ತಿ ಅಲ್ಲಿ ಬರುತ್ತಾರೆ. ಕವಚದ ಆ ಗಾಹೆಗಳಲ್ಲಿ ಹತ್ತೊಂಬತ್ತನ್ನು ಎತ್ತಿಕೊಂಡು ಒಂದೊಂದನ್ನೂ ಕತೆಯಾಗಿ ಬೆಳೆಸಿದ್ದೇ ‘ವಡ್ಡಾರಾಧನೆ’, ನಮಗೆ ದೊರೆತಿರುವ ಕನ್ನಡದ ಮೊದಲ ಗದ್ಯಕೃತಿ. ಶಾಲೆಯಲ್ಲಿ ನಾವದನ್ನು ಹಳಗನ್ನಡದ ಮಾದರಿಯೆಂದು ಓದುತ್ತೇವೆ. ಆ ಕತೆಗಳ ಬೇರು ಮಾತ್ರ ನೋವಿನಲ್ಲಿ ಮಲಗಿದವನ ಕಿವಿಗೆ ಹೇಳಿದ ಮಾತುಗಳಲ್ಲಿದೆ. ಕತೆ ಅಷ್ಟು ವಿವರವಾಗಿ, ನಿಧಾನವಾಗಿ, ಜನ್ಮದಿಂದ ಜನ್ಮಕ್ಕೆ ಸುತ್ತಿ ಸಾಗುವುದರ ಹಿಂದೆ ಸರಿಯದ ರಾತ್ರಿಗಳ ನೆನಪೂ ಇರಬಹುದೆಂದು ನನಗನ್ನಿಸುತ್ತದೆ.

ಗ್ರಂಥದಲ್ಲಿ ವಿಧಿಸಿದ್ದೆಲ್ಲ ಬೆಟ್ಟದ ಮೇಲೆ ನಡೆಯಿತೆಂದು ಹೇಗೆ ನಂಬುವುದು ಎಂಬ ಆಕ್ಷೇಪ ನ್ಯಾಯವಾದದ್ದು. ಪ್ರತಿಯೊಬ್ಬರ ಸುತ್ತ ನಲವತ್ತೆಂಟು ಜನ ನಿಂತಿದ್ದರೆಂದು ನಾನು ಹೇಳುತ್ತಿಲ್ಲ. ಆದರೆ ಶಾಸನಗಳು ಸಾಯುವವರನ್ನು ಒಂಟಿಯಾಗಿ ತೋರಿಸುವುದು ಕಡಿಮೆ. ಗಂಗರ ಮಾರಸಿಂಹ ಕ್ರಿ.ಶ. 974ರ ಸುಮಾರಿಗೆ ರಾಜ್ಯ ತೊರೆದು ಬಂಕಾಪುರದಲ್ಲಿ ಮೂರು ದಿನ ವ್ರತವಿದ್ದು ತೀರಿಕೊಂಡದ್ದು ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ. 1131ರಲ್ಲಿ ಹೊಯ್ಸಳ ರಾಣಿ ಶಾಂತಲೆ ಶಿವಗಂಗೆಯಲ್ಲಿ ಕಾಲವಾದ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಬಂಧುಗಳನ್ನು ಬೀಳ್ಕೊಟ್ಟು, ಅರೆಗಣ್ಣು ಮುಚ್ಚಿ ಪಂಚಪದ ಜಪಿಸುತ್ತ ತಿಂಗಳ ಉಪವಾಸದಲ್ಲಿ ಪ್ರಾಣ ಬಿಟ್ಟಳು. ಅವಳ ಬಳಿಯಿದ್ದ ಗುರುಗಳ ಹೆಸರೂ ಆ ಶಾಸನದಲ್ಲಿದೆ. ಹೀಗೆ ಸತ್ತವರ ನೆನಪಿಗೆ ನಿಲ್ಲಿಸಿದ ಎಷ್ಟೋ ನಿಸಿದಿಗಲ್ಲುಗಳ ಶಿಲ್ಪದಲ್ಲಿ ಎದುರುಬದುರು ಕೂತ ಗುರು, ವ್ರತಿ, ನಡುವೆ ಪುಸ್ತಕವಿಡುವ ಠವಣೆಕೋಲು ಕಾಣುತ್ತವೆ. ಮೈ ಒತ್ತಿದವರ, ಹೊಲಸು ತೆಗೆದವರ ಹೆಸರು ಮಾತ್ರ ಸಿಗುವುದಿಲ್ಲ. ಯಾವ ಕಾಲದಲ್ಲಿ ತಾನೇ ಅವರ ಹೆಸರು ಬರೆದಿದ್ದಾರೆ?

ಇದಕ್ಕಿಂತ ಕಠಿಣವಾದ ಆಕ್ಷೇಪ ಇನ್ನೊಂದಿದೆ. ಇದು ಆರೈಕೆಯೇ, ಅಥವಾ ಸಾವಿನ ಕಡೆಗೆ ತಳ್ಳುವುದೇ? 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಸಂಥಾರಾ ಎಂದೂ ಕರೆಯುವ ಈ ವ್ರತ ಅಪರಾಧವೆಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಲ್ಲೇಖನಕ್ಕೆ ಅವಕಾಶ ಕೊಡುವುದು ಉಪಸರ್ಗ (ಎರಗಿದ ಆಪತ್ತು), ದುರ್ಭಿಕ್ಷ, ಮುಪ್ಪು, ರೋಗ ಇವು ಪರಿಹಾರವಿಲ್ಲದ ಸ್ಥಿತಿ ಮುಟ್ಟಿದಾಗ ಮಾತ್ರ. ಭಸ್ಮಕ ರೋಗದಿಂದ ಬಳಲಿದ ಸಮಂತಭದ್ರರೇ ಸಲ್ಲೇಖನ ಬೇಡಿದಾಗ ಗುರು ಒಪ್ಪದೆ, ಮೊದಲು ರೋಗ ಕಳೆದುಕೋ ಎಂದು ಕಳಿಸಿದರೆಂಬ ಐತಿಹ್ಯವೂ ಇದೆ. ಬೇಡವೆನ್ನುವುದೂ ಗುರುವಿನ ಕರ್ತವ್ಯವಾಗಿತ್ತು. ಆದರೂ ಮಗಳನ್ನು ಕಳೆದುಕೊಂಡ ದುಃಖ ಆ ಪಟ್ಟಿಯಲ್ಲಿಲ್ಲ. ಮಾಚಿಕಬ್ಬೆಯ ಗುರುಗಳು ಬೇಡವೆನ್ನಬೇಕಿತ್ತೇ ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ನೀರಿಗಾಗಿ ಹಂಬಲಿಸುವವನಿಗೆ ಸುಕುಮಾರಸ್ವಾಮಿಯ ಕತೆ ಆಸರೆಯಾದಂತೆ ಬಂಧನವೂ ಆಗಬಲ್ಲದು. ವ್ರತವನ್ನು ಒಪ್ಪದವರೂ ಅದರ ಸುತ್ತ ಬೆಳೆದ ಆರೈಕೆಯ ವಿದ್ಯೆಯನ್ನು ಬೇರೆಯಾಗಿ ನೋಡಬಹುದು, ನೋಡಬೇಕು.

ಚಿಕ್ಕಬೆಟ್ಟದ ಅತಿ ಹಳೆಯ ಶಾಸನ ಪ್ರಭಾಚಂದ್ರನೆಂಬ ಆಚಾರ್ಯನದು. ಆಯುಸ್ಸು ಮುಗಿಯಿತೆಂದು ಅರಿತು ಅವನು ಸಂಘವನ್ನೆಲ್ಲ ಮುಂದಕ್ಕೆ ಕಳಿಸಿದ, ಒಬ್ಬನೇ ಶಿಷ್ಯ ಜೊತೆಗುಳಿದ. ಇಬ್ಬರಾದರೂ ಇರಬೇಕೆಂಬ ನಿಯಮ ಅಲ್ಲಿ ಮುರಿದಿದೆ. ಶಿಷ್ಯನ ಹೆಸರನ್ನು ಶಾಸನ ಹೇಳುವುದಿಲ್ಲ. ಮುಂದಿನ ಪರಂಪರೆ ಅವನನ್ನು ಚಂದ್ರಗುಪ್ತನೆಂದು ಕರೆಯಿತು, ಗುರುವನ್ನು ಭದ್ರಬಾಹು ಎಂದಿತು. ‘ವಡ್ಡಾರಾಧನೆ’ಯಲ್ಲಿ ಕಳ್ಬಪ್ಪಿನ ಬೆಟ್ಟದಲ್ಲಿ, ಅಂದರೆ ಇದೇ ಚಿಕ್ಕಬೆಟ್ಟದಲ್ಲಿ, ಗುರುವಿನ ಶುಶ್ರೂಷೆಗೆ ನಿಂತ ಚಂದ್ರಗುಪ್ತನಿಗೆ ಊರಿಗೆ ಹೋಗುವ ಕೆಲಸವಿಲ್ಲ, ಭಿಕ್ಷೆ ಕಾಡಿನಲ್ಲೇ ದೇವತೆಯ ಕೈಯಿಂದ ದೊರೆಯುತ್ತದೆ.