ಮನೆ ಮುಂದೆ ಕಾರು, ಒಳಗೆ ಬಚ್ಚಲಿಲ್ಲ

ರಾಬರ್ಟ್ ಲಿಂಡ್ ಮತ್ತು ಹೆಲೆನ್ ಲಿಂಡ್ ಎಂಬ ದಂಪತಿ 1924ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಮನ್ಸಿ ಎಂಬ ಊರಿಗೆ ಬಂದು ಬೀಡುಬಿಟ್ಟರು. ಅದು ನಲವತ್ತು ಸಾವಿರಕ್ಕಿಂತ ಕಡಿಮೆ ಜನರಿದ್ದ, ಕಾರ್ಖಾನೆಗಳನ್ನು ನಂಬಿ ಬದುಕುತ್ತಿದ್ದ ಸಾಮಾನ್ಯ ಊರು. ಜನ ಎಷ್ಟು ಹೊತ್ತಿಗೆ ಏಳುತ್ತಾರೆ, ಏನು ಉಣ್ಣುತ್ತಾರೆ, ಯಾವುದಕ್ಕೆ ದುಡ್ಡು ಬಿಚ್ಚುತ್ತಾರೆ ಎಂಬುದನ್ನೆಲ್ಲ ಇವರು ವಿಚಾರಿಸಿ ಬರೆದಿಟ್ಟುಕೊಂಡರು. 1929ರಲ್ಲಿ ಅದು 'ಮಿಡ್ಲ್‌ಟೌನ್' ಎಂಬ ಪುಸ್ತಕವಾಗಿ ಹೊರಬಂತು. ಅದರಲ್ಲೊಂದು ಸಣ್ಣ ಲೆಕ್ಕವಿದೆ. ಹಳೆಯ, ಜೀರ್ಣಗೊಂಡ ಮನೆಗಳಲ್ಲಿದ್ದೂ ಕಾರು ಇಟ್ಟುಕೊಂಡಿದ್ದ 26 ಕುಟುಂಬಗಳನ್ನು ಅವರು ವಿಚಾರಿಸಿದರು. ಅವುಗಳಲ್ಲಿ 21 ಮನೆಗಳಲ್ಲಿ ಸ್ನಾನದ ತೊಟ್ಟಿಯಿರುವ ಬಚ್ಚಲುಮನೆಯೇ ಇರಲಿಲ್ಲ!

ನೂರು ವರ್ಷಗಳ ಹಿಂದಿನ ಅಮೆರಿಕವನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಕೀಲಿಕೈ ಸಿಗಲಾರದು. 1908ರಲ್ಲಿ ಹೆನ್ರಿ ಫೋರ್ಡ್ 850 ಡಾಲರಿಗೆ ಮಾರತೊಡಗಿದ 'ಮಾಡೆಲ್ ಟಿ' ಕಾರು 1925ರ ಹೊತ್ತಿಗೆ ಮುನ್ನೂರು ಡಾಲರಿಗೂ ಕೆಳಗಿಳಿದಿತ್ತು. ಕೈಯಲ್ಲಿ ಕಾಸಿಲ್ಲದವರಿಗೆ ಕಂತಿನ ವ್ಯವಸ್ಥೆ ಇತ್ತು. ಮನ್ಸಿಯಲ್ಲಿ 1923ರ ಕೊನೆಗೆ 6,221 ಕಾರುಗಳಿದ್ದವು. ಅಂದರೆ ಮೂರು ಸಂಸಾರಕ್ಕೆ ಎರಡು. 1925ರಲ್ಲಿ ಊರಿನ ನೂರಕ್ಕೆ 99 ಮನೆಗಳಿಗೆ ವಿದ್ಯುತ್ ತಂತಿ ಬಂದಿತ್ತು. ಆದರೆ ನಾಲ್ಕರಲ್ಲೊಂದು ಮನೆಗೆ ಕೊಳಾಯಿ ನೀರು ಬಂದಿರಲಿಲ್ಲ.

ಇದು ಪಟ್ಟಣದ ಮಾತಾಯಿತು. ಹಳ್ಳಿಗಳ ಸ್ಥಿತಿ ಬೇರೆಯೇ. 1930ರ ದಶಕದ ನಡುವಿನವರೆಗೂ ಅಮೆರಿಕದ ಹತ್ತು ಹೊಲಮನೆಗಳಲ್ಲಿ ಒಂಬತ್ತಕ್ಕೆ ವಿದ್ಯುತ್ ಇರಲಿಲ್ಲ. ಸಂಜೆಗೆ ಸೀಮೆಎಣ್ಣೆ ದೀಪ, ಅಡುಗೆಗೆ ಸೌದೆ ಅಥವಾ ಕಲ್ಲಿದ್ದಲಿನ ಒಲೆ. ಸೋಮವಾರ ಬಂತೆಂದರೆ ಬಟ್ಟೆ ಒಗೆಯುವ ದಿನ. ಬಾವಿಯಿಂದಲೋ ಕೈಪಂಪಿನಿಂದಲೋ ನೀರು ಹೊತ್ತು ತಂದು, ಕಾಯಿಸಿ, ಗೀರುಹಲಗೆಯ ಮೇಲೆ ಬಟ್ಟೆ ಉಜ್ಜಿ, ಹಿಂಡಿ ಒಣಹಾಕುವಷ್ಟರಲ್ಲಿ ದಿನವೇ ಮುಗಿಯುತ್ತಿತ್ತು. ಮರುದಿನ ಒಲೆಯ ಮೇಲೆ ಕಾಯಿಸಿದ ಕಬ್ಬಿಣದ ಪೆಟ್ಟಿಗೆಯಿಂದ ಇಸ್ತ್ರಿ. ನಮ್ಮ ಅಜ್ಜಿಯಂದಿರು ಇದನ್ನು ಓದಿದ್ದರೆ 'ಇದರಲ್ಲೇನು ವಿಶೇಷ?' ಎನ್ನುತ್ತಿದ್ದರೇನೋ.

ಖಾಸಗಿ ವಿದ್ಯುತ್ ಕಂಪೆನಿಗಳಿಗೆ ದೂರದ ಹೊಲಮನೆಗಳಿಗೆ ತಂತಿ ಎಳೆಯುವುದು ಗಿಟ್ಟುವ ವ್ಯವಹಾರವಾಗಿರಲಿಲ್ಲ. 1935ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುದೀಕರಣಕ್ಕಾಗಿ ಪ್ರತ್ಯೇಕ ಸಂಸ್ಥೆ ಸ್ಥಾಪಿಸಿದರು. ಸರ್ಕಾರದ ಸಾಲ ಪಡೆದ ರೈತರು ಸಹಕಾರ ಸಂಘ ಕಟ್ಟಿಕೊಂಡು ತಾವೇ ಕಂಬ ನೆಟ್ಟರು, ತಂತಿ ಎಳೆಸಿದರು. ಬಂಡವಾಳಶಾಹಿಯ ತವರು ಎನಿಸಿಕೊಂಡ ದೇಶದ ಹಳ್ಳಿಗಳಿಗೆ ಬೆಳಕು ಬಂದದ್ದು ಬಹುಮಟ್ಟಿಗೆ ಸಹಕಾರದ ದಾರಿಯಲ್ಲಿ ಎಂಬುದು ನೆನಪಿಡಬೇಕಾದ ಸಂಗತಿ.

ಅಂದು ಸಾವು ಮನೆಯ ಹೊಸ್ತಿಲಲ್ಲೇ ನಿಂತಿರುತ್ತಿತ್ತು. 1924ರ ಜೂನ್ ಕೊನೆಯಲ್ಲಿ ಅಧ್ಯಕ್ಷ ಕ್ಯಾಲ್ವಿನ್ ಕೂಲಿಡ್ಜ್ ಅವರ 16 ವರ್ಷದ ಮಗ ಕಾಲುಚೀಲವಿಲ್ಲದೆ ಶೂ ಹಾಕಿಕೊಂಡು ಶ್ವೇತಭವನದ ಅಂಗಳದಲ್ಲಿ ಟೆನಿಸ್ ಆಡಿದ. ಕಾಲ್ಬೆರಳಲ್ಲಿ ಒಂದು ಬೊಬ್ಬೆ ಎದ್ದಿತು. ಅದು ಕೀವಾಗಿ, ನಂಜು ರಕ್ತಕ್ಕೇರಿ, ಜುಲೈ 7ರಂದು ಹುಡುಗ ತೀರಿಕೊಂಡ. ದೇಶದ ಅತ್ಯುತ್ತಮ ವೈದ್ಯರು ಸುತ್ತ ನಿಂತಿದ್ದರೂ ಅವರ ಕೈಯಲ್ಲಿ ಮದ್ದಿರಲಿಲ್ಲ. ಪೆನಿಸಿಲಿನ್ ಪತ್ತೆಯಾದದ್ದು 1928ರಲ್ಲಿ. ಜನಸಾಮಾನ್ಯರಿಗೆ ಸಿಕ್ಕಿದ್ದು 1940ರ ದಶಕದಲ್ಲಿ. ಅಧ್ಯಕ್ಷರ ಮನೆಯ ಪಾಡೇ ಇದಾದರೆ ಕೂಲಿಕಾರನ ಮನೆಯ ಪಾಡು ಊಹಿಸಬಹುದು. 1915ರ ಸುಮಾರಿಗೆ ಹುಟ್ಟಿದ ಸಾವಿರ ಕೂಸುಗಳಲ್ಲಿ ಹೆಚ್ಚುಕಡಿಮೆ ನೂರು ಕೂಸುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಇಂದು ಆ ಸಂಖ್ಯೆ ಆರಕ್ಕಿಂತ ಕಡಿಮೆ. 1900ರಲ್ಲಿ 47 ವರ್ಷವಿದ್ದ ಸರಾಸರಿ ಆಯುಸ್ಸು 2023ರಲ್ಲಿ 78 ದಾಟಿದೆ.

ಆಯುಸ್ಸು ಹೀಗೆ ಬೆಳೆದದ್ದಕ್ಕೆ ಕಾರಣ ಬರಿಯ ಔಷಧಿಯಲ್ಲ. 1908ರಲ್ಲಿ ನ್ಯೂಜೆರ್ಸಿಯ ಜೆರ್ಸಿ ಸಿಟಿ ತನ್ನ ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸುವ ಕ್ರಮವನ್ನು ನಿತ್ಯದ ರೂಢಿ ಮಾಡಿಕೊಂಡಿತು. ಉಳಿದ ಊರುಗಳು ಆ ದಾರಿ ಹಿಡಿದವು. ಒಳಚರಂಡಿಗಳು ಬಂದವು, ಹಾಲನ್ನು ಕಾಯಿಸಿ ಕ್ರಿಮಿಮುಕ್ತಗೊಳಿಸುವ ನಿಯಮಗಳು ಬಂದವು. ಪೆನಿಸಿಲಿನ್ ಬರುವ ಮುನ್ನವೇ ವಿಷಮಶೀತಜ್ವರ ಹಿಮ್ಮೆಟ್ಟಿತ್ತು.

ದುಡಿಮೆಯೂ ಹಾಗೆಯೇ ಬದಲಾಯಿತು. ಉಕ್ಕಿನ ಕಾರ್ಖಾನೆಗಳಲ್ಲಿ 12 ಗಂಟೆಗಳ ಪಾಳಿ ಕೊನೆಗಾಣತೊಡಗಿದ್ದು 1923ರಲ್ಲಿ. ಮಕ್ಕಳ ದುಡಿಮೆಗೆ ಕಡಿವಾಣ ಹಾಕುವ ರಾಷ್ಟ್ರೀಯ ಕಾನೂನು ಗಟ್ಟಿಯಾಗಿ ನಿಂತದ್ದು 1938ರಲ್ಲಿ. 1901ರಲ್ಲಿ ಸಾಮಾನ್ಯ ಕುಟುಂಬ ತನ್ನ ಖರ್ಚಿನಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಪಾಲನ್ನು ಹೊಟ್ಟೆಗೇ ಹಾಕಬೇಕಿತ್ತು. ಒಂದು ಶತಮಾನದ ಬಳಿಕ ಅದು 13ಕ್ಕೆ ಇಳಿಯಿತು.

ಕೆಲವು ವಿಷಯಗಳಲ್ಲಿ ಮಾತ್ರ ಅಂದಿನವರು ನಮಗೆ ತೀರ ಹತ್ತಿರದವರು. ಮನೆಯಲ್ಲೇ ಕುಳಿತು ವಸ್ತು ತರಿಸಿಕೊಳ್ಳುವುದು ಇಂಟರ್‌ನೆಟ್ ಕಾಲದ ಚಮತ್ಕಾರ ಎಂದು ನಾವು ತಿಳಿಯುತ್ತೇವೆ. ಸೀಯರ್ಸ್ ಕಂಪೆನಿಯ ದಪ್ಪ ಕೆಟಲಾಗು ನೋಡಿ ಅಮೆರಿಕದ ರೈತ ಸೂಜಿಯಿಂದ ಹಿಡಿದು ಹೊಲಿಗೆ ಯಂತ್ರದವರೆಗೆ ತರಿಸುತ್ತಿದ್ದ. 1908ರಿಂದ 1940ರವರೆಗೆ ಇಡೀ ಮನೆಯನ್ನೇ ಬಿಡಿಭಾಗಗಳಾಗಿ ರೈಲಿನಲ್ಲಿ ತರಿಸಿಕೊಳ್ಳಬಹುದಿತ್ತು! 1913ರಲ್ಲಿ ಅಂಚೆ ಇಲಾಖೆ ಪಾರ್ಸೆಲ್ ಸೇವೆ ಆರಂಭಿಸಿತು. ಮರುವರ್ಷ ಐಡಹೊ ರಾಜ್ಯದ ಒಂದು ಕುಟುಂಬ, ರೈಲು ಟಿಕೆಟಿಗಿಂತ ಅಗ್ಗವೆಂದು, ಪುಟ್ಟ ಹುಡುಗಿಯೊಬ್ಬಳ ಕೋಟಿಗೆ 53 ಸೆಂಟುಗಳ ಅಂಚೆಚೀಟಿ ಅಂಟಿಸಿ ಅಂಚೆಯಲ್ಲೇ ಅಜ್ಜಿಯ ಮನೆಗೆ ಕಳುಹಿಸಿತು.

ಆದರೆ ಈ ಬದುಕು ಎಲ್ಲರ ಪಾಲಿಗೂ ಒಂದೇ ಆಗಿರಲಿಲ್ಲ. ಲಿಂಡ್ ದಂಪತಿ ಮನ್ಸಿಯ ಕರಿಯರನ್ನು ತಮ್ಮ ಅಧ್ಯಯನದಿಂದಲೇ ಹೊರಗಿಟ್ಟಿದ್ದರು. ದಕ್ಷಿಣದ ರಾಜ್ಯಗಳಲ್ಲಿ ಕರಿಯರ ಮಕ್ಕಳಿಗೆ ಬೇರೆ ಶಾಲೆ, ರೈಲಿನಲ್ಲಿ ಬೇರೆ ಡಬ್ಬಿ ಎಂಬುದು ಕಾನೂನೇ ಆಗಿತ್ತು. ಭಾರತೀಯರಿಗೂ ಬಾಗಿಲು ಮುಚ್ಚಿತ್ತು. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಯ ಮೊಕದ್ದಮೆಯಲ್ಲಿ 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಭಾರತೀಯರು ಬಿಳಿಯರಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದಿತು. ವರ್ಷಕ್ಕೆ ನೂರು ಭಾರತೀಯರಿಗೆ ಅವಕಾಶ ಸಿಕ್ಕಿದ್ದು 1946ರಲ್ಲಿ. ಬಾಗಿಲು ನಿಜವಾಗಿ ತೆರೆದದ್ದು 1965ರ ಕಾನೂನಿನಿಂದ. ಇಂದು ಅಮೆರಿಕದ ಹಲವು ನಗರಗಳಲ್ಲಿ ಕನ್ನಡ ಕೂಟಗಳಿದ್ದು ಯುಗಾದಿ, ರಾಜ್ಯೋತ್ಸವ ನಡೆಯುತ್ತಿದ್ದರೆ ಅದರ ಹಿಂದೆ ಆ ಕಾನೂನಿದೆ.

ಹಾಗಾದರೆ ಇಂದಿನ ಅಮೆರಿಕ ಎಲ್ಲ ರೀತಿಯಲ್ಲೂ ಮೇಲೇ? 1940ರಲ್ಲಿ ನೂರಕ್ಕೆ ಎಂಟರಷ್ಟಿದ್ದ ಒಂಟಿ ಮನುಷ್ಯರ ಮನೆಗಳು 2020ರಲ್ಲಿ 28ರ ಹತ್ತಿರ ಬಂದಿವೆ. ರಾಷ್ಟ್ರೀಯ ಉತ್ಪನ್ನದ ಆರನೆಯ ಒಂದಕ್ಕಿಂತ ಹೆಚ್ಚು ಪಾಲು ಆರೋಗ್ಯಕ್ಕೆ ಖರ್ಚಾಗುತ್ತಿದ್ದರೂ ಆಯುಸ್ಸಿನಲ್ಲಿ ಆ ದೇಶ ಜಪಾನು, ಫ್ರಾನ್ಸುಗಳಿಗಿಂತ ಹಿಂದಿದೆ.

ಹಳೆಯ ಲೆಕ್ಕವೂ ಪೂರ್ತಿ ತೀರಿಲ್ಲ. ಜನರಲ್ ಮೋಟಾರ್ಸ್ ಕಂಪೆನಿ 1908ರಲ್ಲಿ ಹುಟ್ಟಿದ್ದು ಮಿಚಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ. ದೇಶಕ್ಕೆಲ್ಲ ಕಾರು ಕೊಟ್ಟ ಈ ಊರು 2014ರಲ್ಲಿ ಖರ್ಚು ಉಳಿಸಲೆಂದು ನೀರಿನ ಮೂಲ ಬದಲಿಸಿತು. ಹೊಸ ನೀರು ಕೊಳವೆಗಳನ್ನು ತಿಂದು, ಸೀಸ ಬೆರೆತು ಮನೆಮನೆಗೆ ಹರಿಯಿತು. ಅದೇ ವರ್ಷ ಅಕ್ಟೋಬರಿನಲ್ಲಿ, ಈ ನೀರಿನಿಂದ ಎಂಜಿನ್ ಭಾಗಗಳು ತುಕ್ಕು ಹಿಡಿಯುತ್ತಿವೆ ಎಂದು ಅಲ್ಲಿನ ಮೋಟಾರು ಕಾರ್ಖಾನೆ ಬೇರೆ ನೀರು ಪಡೆಯಿತು. ಊರಿನ ಮಕ್ಕಳು ಮಾತ್ರ ಅದನ್ನೇ ಇನ್ನೂ ಒಂದು ವರ್ಷ ಕುಡಿದರು. ಕಾರನ್ನು ಯಾರು ಬೇಕಾದರೂ ಕಂತಿನ ಮೇಲೆ ಕೊಳ್ಳಬಹುದು. ಶುದ್ಧ ನೀರಿನ ಕೊಳವೆಯನ್ನು ಇಡೀ ಊರು ಸೇರಿ ಹಾಕಬೇಕು, ಹಾಕಿದ ಮೇಲೂ ಕಾಯಬೇಕು.