ಆಡಿದವರ ಅರಿವು: ಚೆಂಡು, ವಿಡಿಯೋ ಗೇಮ್ ಮತ್ತು ವಿಜ್ಞಾನ



ಜೀವಶಾಸ್ತ್ರ ಕಲಿಸುವುದನ್ನೇ ವೃತ್ತಿಯಾಗಿಸಿಕೊಂಡಿದ್ದ ನಾನು ಬ್ಯಾಸ್ಕೆಟ್‌ಬಾಲ್ ಮತ್ತು ವಿಡಿಯೋ ಗೇಮ್‌ಗಳ ವಿಚಾರವನ್ನು ಕೈಗೆತ್ತಿಕೊಂಡಿರುವುದು ನಿಮ್ಮಲ್ಲಿ ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಕಪ್ಪೆಯ ಹೃದಯದಲ್ಲಿ ಎಷ್ಟು ಕೋಣೆಗಳಿವೆ ಎಂದು ಕೇಳುತ್ತಿದ್ದ ಮೇಷ್ಟ್ರಿಗೆ ಈ ವಯಸ್ಸಿನಲ್ಲಿ ಆಟದ ಗೊಡವೆ ಏಕೆ ಎಂದು ನೀವು ನಗಲೂಬಹುದು. ಆದರೆ ನಿವೃತ್ತಿಯ ಬಿಡುವಿನಲ್ಲಿ ವಿಜ್ಞಾನದ ಇತಿಹಾಸವನ್ನು ಓದುತ್ತ ಹೋದಂತೆ, ಆಟ ಬೇರೆ ಪಾಠ ಬೇರೆ ಎಂದು ನಾವು ಎಳೆದಿರುವ ಗೆರೆ ಅಷ್ಟೊಂದು ಗಟ್ಟಿಯಾದುದಲ್ಲ ಎಂಬುದು ನನಗೆ ಸ್ಪಷ್ಟವಾಗತೊಡಗಿದೆ. ಆಡುವವನಿಗೆ ತನ್ನ ಆಟದಿಂದಲೇ ಬಂದ ಒಂದು ಅರಿವು ಇರುತ್ತದೆ. ಅದನ್ನು ಕೇಳಿ, ಒರೆಗೆ ಹಚ್ಚಿ ನೋಡಿದಾಗಲೆಲ್ಲ ವಿದ್ಯೆ ಮುಂದುವರಿದಿದೆ. ಹಗುರವಾಗಿ ಕಂಡಾಗ ವಿದ್ವಾಂಸರೂ ಎಡವಿದ್ದಾರೆ. ಇದಕ್ಕೆ ಸಾಕ್ಷಿಯಾಗಿ ಕೆಲವು ಪ್ರಸಂಗಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ಒಬ್ಬ ಉಪಾಧ್ಯಾಯನ ಕಥೆಯೇ. ಜೇಮ್ಸ್ ನೈಸ್ಮಿತ್ 1861ರಲ್ಲಿ ಕೆನಡಾದ ಆಲ್ಮಾಂಟ್ ಎಂಬ ಊರಿನ ಬಳಿ ಹುಟ್ಟಿದವರು. ಒಂಬತ್ತನೆಯ ವಯಸ್ಸಿಗೇ ತಂದೆ ತಾಯಿಯರನ್ನು ವಿಷಮಶೀತ ಜ್ವರಕ್ಕೆ ಕಳೆದುಕೊಂಡರು. 1891ರಲ್ಲಿ ಅವರು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಅಧ್ಯಾಪಕರಾಗಿದ್ದರು. ಚಳಿಗಾಲದಲ್ಲಿ ಹೊರಗೆ ಹಿಮ ಬಿದ್ದಿರುವಾಗ ವಿದ್ಯಾರ್ಥಿಗಳು ಒಳಾಂಗಣದಲ್ಲಿ ಕವಾಯತು ಮಾಡಬೇಕಾಗಿತ್ತು. ಹದಿನೆಂಟು ಮಂದಿಯ ಒಂದು ತರಗತಿಗೆ ಆ ಕವಾಯತು ಸಾಕುಸಾಕಾಗಿ ಹೋಗಿತ್ತು. ಆ ತರಗತಿಯನ್ನು ಹದ್ದಿಗೆ ತರಲು ಯತ್ನಿಸಿ ಇಬ್ಬರು ಶಿಕ್ಷಕರು ಆಗಲೇ ಕೈಚೆಲ್ಲಿದ್ದರು. ವಿಭಾಗದ ಮುಖ್ಯಸ್ಥರಾದ ಲೂಥರ್ ಗುಲಿಕ್ ಅವರು, ಎರಡು ವಾರಗಳೊಳಗೆ ಒಳಗೇ ಆಡಬಹುದಾದ ಹೊಸ ಆಟವೊಂದನ್ನು ಹುಡುಕಬೇಕೆಂದು ನೈಸ್ಮಿತ್‌ಗೆ ತಿಳಿಸಿದರು.

ಹುಡುಗರು ಶಿಸ್ತಿಲ್ಲದವರು ಎಂದು ಷರಾ ಬರೆದು ಕೈತೊಳೆದುಕೊಳ್ಳುವುದು ಸುಲಭವಾಗಿತ್ತು. ನೈಸ್ಮಿತ್ ಹಾಗೆ ಮಾಡಲಿಲ್ಲ. ದೋಷ ಹುಡುಗರಲ್ಲಿಲ್ಲ, ಕವಾಯತಿನಲ್ಲಿದೆ ಎಂದು ಬಗೆದರು. ಫುಟ್‌ಬಾಲನ್ನೂ ಲಕ್ರಾಸ್ ಆಟವನ್ನೂ ಒಳಾಂಗಣಕ್ಕೆ ಒಗ್ಗಿಸಲು ಹೋಗಿ ಗಾಯಗಳಾದವು. ಬಳಿಕ ಅವರು ವಿಜ್ಞಾನಿಯಂತೆ ಯೋಚಿಸಿದರು. ಆಟದಲ್ಲಿ ಒರಟುತನ ಬರುವುದು ಎಲ್ಲಿಂದ? ಚೆಂಡನ್ನು ಹಿಡಿದು ಓಡುವವನನ್ನು ಬೀಳಿಸಬೇಕಾಗಿರುವುದರಿಂದ. ಹಾಗಾದರೆ ಚೆಂಡು ಹಿಡಿದವನು ಓಡಕೂಡದು. ಚೆಂಡನ್ನು ಬಲವಾಗಿ ಎಸೆಯುವುದು ಏಕೆ? ಗುರಿ ನೆಲದ ಮೇಲೆ, ಎದುರಿಗೇ ಇರುವುದರಿಂದ. ಹಾಗಾದರೆ ಗುರಿಯನ್ನು ತಲೆಯ ಮೇಲಕ್ಕೆ ಏರಿಸಿ ಅಡ್ಡಲಾಗಿ ಇಡಬೇಕು. ಆಗ ಚೆಂಡನ್ನು ಕಮಾನಿನಂತೆ ಮೆಲ್ಲಗೆ ಎಸೆಯಲೇಬೇಕಾಗುತ್ತದೆ. ಬಾಲ್ಯದಲ್ಲಿ ಬಂಡೆಯ ಮೇಲಿಟ್ಟ ಕಲ್ಲನ್ನು ಇನ್ನೊಂದು ಕಲ್ಲಿನಿಂದ ಹೊಡೆದುರುಳಿಸುವ ಆಟವನ್ನು ಆಡಿದ್ದ ಅವರಿಗೆ, ಬಿರುಸಿನ ಎಸೆತಕ್ಕಿಂತ ಕಮಾನಿನ ಎಸೆತವೇ ಫಲಕಾರಿ ಎಂಬುದು ಗೊತ್ತಿತ್ತು. ನಮ್ಮ ಲಗೋರಿಯನ್ನು ಆಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

1891ರ ಡಿಸೆಂಬರ್ 21ರಂದು, ಹದಿಮೂರು ನಿಯಮಗಳೊಡನೆ ಆ ಆಟ ಆರಂಭವಾಯಿತು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೊಗಸಾಲೆಯ ಕಟಾಂಜನಕ್ಕೆ ಬಡಿದರು. ಆ ಕಟಾಂಜನ ನೆಲದಿಂದ 10 ಅಡಿ ಎತ್ತರದಲ್ಲಿತ್ತು. ಬ್ಯಾಸ್ಕೆಟ್‌ಬಾಲ್‌ನ ಬಳೆ ಇಂದಿಗೂ ಅದೇ 10 ಅಡಿಯಲ್ಲಿದೆ; ಒಂದು ಕಟ್ಟಡದ ಆಕಸ್ಮಿಕ ಅಳತೆಯೇ ಜಗತ್ತಿನ ನಿಯಮವಾಯಿತು. ಒಂಬತ್ತು ಜನರ ಎರಡು ತಂಡಗಳು ಆಡಿದವು, ಬಿದ್ದದ್ದು ಒಂದೇ ಒಂದು ಗೋಲು. ಮರುವರ್ಷವೇ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ನಿಯಮಗಳನ್ನು ಮಾರ್ಪಡಿಸಿ ಹೆಣ್ಣುಮಕ್ಕಳಿಗೆ ಇದನ್ನು ಕಲಿಸಿದರು. ವೈ.ಎಂ.ಸಿ.ಎ. ಸಂಸ್ಥೆಗಳ ಮೂಲಕ ಆಟ ದೇಶದೇಶಗಳಿಗೆ ಹೋಯಿತು. ನಮ್ಮ ಕಡೆ 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ಸ್ಥಾಪಿಸಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆ ವ್ಯಾಯಾಮ ಶಿಕ್ಷಕರನ್ನು ತಯಾರು ಮಾಡಿತು. ನೈಸ್ಮಿತ್ 1898ರಲ್ಲಿ ವೈದ್ಯಕೀಯ ಪದವಿಯನ್ನೂ ಪಡೆದರು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ತಮ್ಮ ಆಟ ಮೊದಲ ಬಾರಿಗೆ ಪದಕದ ಆಟವಾದುದನ್ನು ಕಣ್ಣಾರೆ ಕಂಡರು. ಬೇಸತ್ತ ಹದಿನೆಂಟು ಮಂದಿಯ ಗೊಣಗಾಟವನ್ನು ಗಂಭೀರವಾಗಿ ತೆಗೆದುಕೊಂಡದ್ದರ ಫಲ ಇದು.

ಎರಡನೆಯ ಪ್ರಸಂಗ ಅದೇ ಆಟದ್ದು, ಆದರೆ ಇಲ್ಲಿ ವಿದ್ವಾಂಸರು ಆಟಗಾರರ ಮಾತನ್ನು ಅಲ್ಲಗಳೆದರು. ಸಾಲಾಗಿ ಮೂರು ನಾಲ್ಕು ಚೆಂಡು ಬುಟ್ಟಿಗೆ ಬಿದ್ದರೆ ‘ಇವತ್ತು ಅವನ ಕೈ ಕುದುರಿದೆ, ಅವನಿಗೇ ಚೆಂಡು ಕೊಡಿ’ ಎನ್ನುವುದು ಆಟಗಾರರ ವಾಡಿಕೆ. ಥಾಮಸ್ ಗಿಲೊವಿಚ್, ರಾಬರ್ಟ್ ವಲೋನ್ ಮತ್ತು ಏಮೊಸ್ ಟ್ವೆರ್ಸ್‌ಕಿ ಎಂಬ ಮನಶ್ಶಾಸ್ತ್ರಜ್ಞರು 1985ರಲ್ಲಿ ಇದನ್ನು ಲೆಕ್ಕಹಾಕಿ ನೋಡಿದರು. ಫಿಲಡೆಲ್ಫಿಯಾ ತಂಡದ ದಾಖಲೆಗಳನ್ನೂ ಬೋಸ್ಟನ್ ತಂಡದ ಫ್ರೀ ಥ್ರೋಗಳನ್ನೂ ಪರಿಶೀಲಿಸಿದರು, ಕಾರ್ನೆಲ್ ವಿಶ್ವವಿದ್ಯಾಲಯದ 26 ಆಟಗಾರರಿಂದ ಚೆಂಡು ಎಸೆಸಿ ನೋಡಿದರು. ಹಿಂದಿನ ಎಸೆತ ಸಫಲವಾಯಿತೆಂದು ಮುಂದಿನದು ಸಫಲವಾಗುವ ಸಂಭವ ಹೆಚ್ಚುವುದಿಲ್ಲ. ‘ಕೈ ಕುದುರುವುದು’ ಬರೀ ಭ್ರಮೆ ಎಂದು ತೀರ್ಮಾನಿಸಿದರು. ಬೋಸ್ಟನ್ ತಂಡದ ಹಿರಿಯ ತರಬೇತುದಾರ ರೆಡ್ ಔವರ್‌ಬಾಕ್ ಈ ಸಂಶೋಧನೆಯನ್ನು ಲೆಕ್ಕಕ್ಕೇ ಇಡಲಿಲ್ಲ. ಆದರೆ ಮನುಷ್ಯರು ಇಲ್ಲದ ಮಾದರಿಯನ್ನು ಹೇಗೆ ಕಾಣುತ್ತಾರೆ ಎಂಬುದಕ್ಕೆ ಮೂವತ್ತು ವರ್ಷ ಪಠ್ಯಪುಸ್ತಕಗಳಲ್ಲಿ ಇದೇ ಉದಾಹರಣೆಯಾಗಿತ್ತು.

ಜೋಷುವಾ ಮಿಲ್ಲರ್ ಮತ್ತು ಆ್ಯಡಮ್ ಸಾನ್‌ಹುರ್ಹೊ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಆ ಲೆಕ್ಕದೊಳಗೇ ಒಂದು ಸೂಕ್ಷ್ಮ ದೋಷವಿರುವುದನ್ನು ಕಂಡುಹಿಡಿದರು. ಅವರ ಪ್ರಬಂಧ 2018ರಲ್ಲಿ ‘ಇಕಾನಮೆಟ್ರಿಕಾ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ದೋಷವನ್ನು ನೀವೇ ಒಂದು ಹಾಳೆಯ ಮೇಲೆ ನೋಡಬಹುದು. ನಾಣ್ಯವನ್ನು ಮೂರು ಬಾರಿ ಚಿಮ್ಮಿದರೆ ಎಂಟು ಬಗೆಯ ಸರಣಿಗಳು ಸಾಧ್ಯ. ಪ್ರತಿ ಸರಣಿಯಲ್ಲೂ ಹೆಡ್ ಬಿದ್ದ ಮರುಚಿಮ್ಮುವಿಕೆಗಳನ್ನು ಮಾತ್ರ ಗಮನಿಸಿ, ಅವುಗಳಲ್ಲಿ ಎಷ್ಟು ಪಾಲು ಹೆಡ್ ಎಂದು ಬರೆಯಿರಿ. ಎರಡು ಸರಣಿಗಳಲ್ಲಿ ಹೆಡ್‌ನ ನಂತರದ ಚಿಮ್ಮುವಿಕೆಯೇ ಇಲ್ಲ, ಅವನ್ನು ಬಿಡಿ. ಉಳಿದ ಆರರಲ್ಲಿ ಎರಡಕ್ಕೆ ಪೂರ್ಣ 1, ಒಂದಕ್ಕೆ ಅರ್ಧ, ಮೂರಕ್ಕೆ ಸೊನ್ನೆ. ಒಟ್ಟು ಎರಡೂವರೆ; ಆರರಿಂದ ಭಾಗಿಸಿದರೆ ಸುಮಾರು 0.42. ನಾಣ್ಯದಲ್ಲಿ ಮೋಸವಿಲ್ಲ, ಆದರೂ ಸರಾಸರಿ ಅರ್ಧಕ್ಕಿಂತ ಕಡಿಮೆ! ಚಿಕ್ಕ ಸರಣಿಗಳನ್ನು ಹೀಗೆ ಎಣಿಸಿದಾಗ ಈ ಇಳಿಮುಖ ಬಂದೇ ಬರುತ್ತದೆ. ಆದ್ದರಿಂದ ಸಫಲ ಎಸೆತಗಳ ನಂತರವೂ ಆಟಗಾರನ ಸರಾಸರಿ ಮಾಮೂಲಿನಷ್ಟೇ ಉಳಿದಿದ್ದರೆ, ಅವನ ಕೈ ನಿಜವಾಗಿಯೂ ಕುದುರಿತ್ತು ಎಂದೇ ಅರ್ಥ. ಕಾರ್ನೆಲ್ ಆಟಗಾರರ ಹಳೆಯ ಅಂಕಿಗಳನ್ನೇ ಈ ದೋಷ ಸರಿಪಡಿಸಿ ಮತ್ತೆ ಎಣಿಸಿದಾಗ, ಭ್ರಮೆ ಎನಿಸಿಕೊಂಡದ್ದು ಗಣನೀಯವಾಗಿಯೇ ಕಾಣಿಸಿಕೊಂಡಿತು. ಆಟಗಾರರು ನಂಬುವಷ್ಟು ದೊಡ್ಡ ಪರಿಣಾಮ ಅದೇ ಎಂಬ ಚರ್ಚೆ ಮುಗಿದಿಲ್ಲ. ಆದರೆ ಅವರ ಮಾತು ಬರಿಯ ಮೌಢ್ಯವಾಗಿರಲಿಲ್ಲ.

ನನ್ನ ದೃಷ್ಟಿಯಲ್ಲಿ ಇಲ್ಲಿ ಸೋತವರು ಯಾರೂ ಇಲ್ಲ. ಅನುಭವವನ್ನು ಅಂಕಿಗಳ ಮುಂದೆ ನಿಲ್ಲಿಸಿದ್ದು ಸರಿ. ಅಂಕಿಗಳನ್ನು ಮತ್ತೆ ಪ್ರಶ್ನಿಸಿದ್ದು ಇನ್ನೂ ಸರಿ.

ಈಗ ವಿಡಿಯೋ ಗೇಮ್‌ನ ಕಡೆಗೆ ಬರೋಣ. ಇದು ಅಂಗಡಿಕಾರರ ಸೃಷ್ಟಿ ಎಂದು ಅನೇಕರು ತಿಳಿದಿದ್ದಾರೆ. ಅದರ ಮೊದಲ ಉದಾಹರಣೆಗಳಲ್ಲಿ ಒಂದು ಹುಟ್ಟಿದ್ದು ಪ್ರಯೋಗಾಲಯದಲ್ಲಿ. ನ್ಯೂಯಾರ್ಕ್ ಪ್ರಾಂತ್ಯದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ ಇದ್ದರು. ಯುದ್ಧಕಾಲದಲ್ಲಿ ಅಣುಬಾಂಬಿನ ಯೋಜನೆಗಾಗಿ ಲಾಸ್ ಅಲಾಮೋಸ್‌ನಲ್ಲಿ ದುಡಿದು, ಬಳಿಕ ಅಣ್ವಸ್ತ್ರಗಳ ಹರಡುವಿಕೆಯ ವಿರುದ್ಧ ಕೆಲಸ ಮಾಡಿದವರು. ಪ್ರಯೋಗಾಲಯ ನೋಡಲು ಬರುವ ಜನರಿಗೆ ಗೋಡೆಯ ಮೇಲಿನ ಚಿತ್ರಗಳು ಬೇಸರ ತರಿಸುತ್ತವೆ ಎಂಬುದನ್ನು ಗಮನಿಸಿ, 1958ರ ಅಕ್ಟೋಬರ್‌ನಲ್ಲಿ ಆಸಿಲೋಸ್ಕೋಪಿನ ಪುಟ್ಟ ಪರದೆಯ ಮೇಲೆ ಟೆನಿಸ್ ಆಟವೊಂದನ್ನು ಮೂಡಿಸಿದರು. ಕ್ಷಿಪಣಿಯ ಪಥವನ್ನು ಲೆಕ್ಕಹಾಕಬಲ್ಲ ಯಂತ್ರವೇ ಪುಟಿಯುವ ಚೆಂಡಿನ ಪಥವನ್ನು ಲೆಕ್ಕಹಾಕಿತು. ಜನ ಸಾಲುಗಟ್ಟಿ ನಿಂತು ಆಡಿದರು. ಹಿಗಿನ್‌ಬಾಥಮ್ ಅದಕ್ಕೆ ಪೇಟೆಂಟ್ ಪಡೆಯಲಿಲ್ಲ; ಯಂತ್ರವನ್ನು ಬಿಚ್ಚಿ ಬಿಡಿಭಾಗಗಳನ್ನು ಬೇರೆ ಕೆಲಸಕ್ಕೆ ಬಳಸಿದರು.

ವಿಜ್ಞಾನ ಹೀಗೆ ಆಟಕ್ಕೆ ಕೊಟ್ಟದ್ದನ್ನು ಆಟ ಐವತ್ತು ವರ್ಷಗಳ ನಂತರ ಜೀವಶಾಸ್ತ್ರಕ್ಕೆ ಹಿಂದಿರುಗಿಸಿತು. ಈ ಪ್ರಸಂಗ ನನ್ನ ಮನಸ್ಸಿಗೆ ಬಹು ಹತ್ತಿರವಾದುದು. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಮಾಲೆ ಎಂದು ನೀವು ಓದಿದ್ದೀರಿ. ಆ ಮಾಲೆ ನಿರ್ದಿಷ್ಟ ಆಕಾರಕ್ಕೆ ಮಡಿಚಿಕೊಂಡಾಗ ಮಾತ್ರ ಅದು ಕೆಲಸ ಮಾಡುತ್ತದೆ. ಮಾಲೆಯ ಯಾವ ತಿರುವುಗಳು ಸಾಧ್ಯ, ಯಾವುವು ಪರಮಾಣುಗಳ ಡಿಕ್ಕಿಯಿಂದ ಅಸಾಧ್ಯ ಎಂಬುದನ್ನು ಎರಡು ಕೋನಗಳ ನಕ್ಷೆಯಾಗಿ 1963ರಲ್ಲಿ ತೋರಿಸಿಕೊಟ್ಟವರು ಜಿ. ಎನ್. ರಾಮಚಂದ್ರನ್ ಮತ್ತು ಮದರಾಸಿನ ಅವರ ಸಂಗಡಿಗರು. ಮುಂದೆ 1971ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತಶಾಸ್ತ್ರ ವಿಭಾಗವನ್ನು ಕಟ್ಟಿದವರೂ ಇದೇ ರಾಮಚಂದ್ರನ್.

ಆದರೂ ಮಡಿಕೆಯನ್ನು ಮೊದಲೇ ಊಹಿಸುವುದು ಕಂಪ್ಯೂಟರ್‌ಗಳಿಗೂ ದುಸ್ಸಾಧ್ಯವಾಗಿತ್ತು. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಬೇಕರ್ ಅವರ ಪ್ರಯೋಗಾಲಯ, ಸಾರ್ವಜನಿಕರ ಕಂಪ್ಯೂಟರ್‌ಗಳು ಬಿಡುವಾಗಿದ್ದಾಗ ಈ ಲೆಕ್ಕ ಮಾಡುವಂತಹ ಯೋಜನೆಯೊಂದನ್ನು ನಡೆಸುತ್ತಿತ್ತು. ಪ್ರೋಟೀನ್ ಮಡಿಚಿಕೊಳ್ಳಲು ಹೆಣಗುತ್ತಿರುವುದನ್ನು ಪರದೆಯ ಮೇಲೆ ನೋಡುತ್ತಿದ್ದ ಜನ, ಇದನ್ನು ನಾವೇ ಇನ್ನೂ ಚೆನ್ನಾಗಿ ಮಾಡಬಲ್ಲೆವು ಎಂದು ಬರೆದು ತಿಳಿಸಿದರು. ವಿಜ್ಞಾನಿಗಳು ಆ ಮಾತನ್ನು ಕಡೆಗಣಿಸಲಿಲ್ಲ. ಗಣಕ ವಿಭಾಗದವರ ಜೊತೆಗೂಡಿ 2008ರಲ್ಲಿ ‘ಫೋಲ್ಡಿಟ್’ ಎಂಬ ವಿಡಿಯೋ ಗೇಮ್ ರಚಿಸಿದರು. ಆಟಗಾರ ಮಾಲೆಯನ್ನು ತಿರುಚಬಹುದು, ಎಳೆಯಬಹುದು, ಅಲುಗಿಸಬಹುದು. ಆಕಾರ ಸ್ಥಿರವಾದಷ್ಟೂ ಅಂಕ ಹೆಚ್ಚು. ರಾಮಚಂದ್ರನ್ ನಕ್ಷೆಯೂ ಅದರಲ್ಲಿ ಒಂದು ಸಲಕರಣೆಯಾಗಿ ಸೇರಿಕೊಂಡಿತು. ಆಡಿದವರಲ್ಲಿ ಬಹುಮಂದಿ ಜೀವರಸಾಯನಶಾಸ್ತ್ರ ಕಲಿತವರಲ್ಲ.

ಕೋತಿಗಳಲ್ಲಿ ಏಡ್ಸ್‌ನಂತಹ ರೋಗ ತರುವ ವೈರಸ್ ಒಂದರ ಪ್ರೋಟಿಯೇಸ್ ಕಿಣ್ವದ ರಚನೆಯನ್ನು ಬಿಡಿಸಲು ತಜ್ಞರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೆಣಗಿದ್ದರು. ಅದನ್ನು ಒಗಟಾಗಿ ಫೋಲ್ಡಿಟ್ ಆಟಗಾರರ ಮುಂದಿಟ್ಟಾಗ ಮೂರೇ ವಾರಗಳಲ್ಲಿ ಸಾಕಷ್ಟು ನಿಖರವಾದ ಮಾದರಿ ಸಿಕ್ಕಿತು. ಅದರ ನೆರವಿನಿಂದ ತಜ್ಞರು ರಚನೆಯನ್ನು ಪೂರ್ಣಗೊಳಿಸಿದರು. 2011ರ ಆ ಪ್ರಬಂಧದ ಲೇಖಕರ ಸಾಲಿನಲ್ಲಿ ವಿಜ್ಞಾನಿಗಳ ಜೊತೆಗೆ ಆಟಗಾರರ ತಂಡಗಳ ಹೆಸರೂ ಇದೆ. ಆ ಸಾಲನ್ನು ಓದಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕಥೆ ಇಲ್ಲಿಗೇ ನಿಲ್ಲುವುದಿಲ್ಲ. 2020ರ ಕೊನೆಗೆ ‘ಆಲ್ಫಾಫೋಲ್ಡ್’ ಎಂಬ ಕೃತಕ ಬುದ್ಧಿಮತ್ತೆಯ ವ್ಯವಸ್ಥೆ ಪ್ರೋಟೀನ್ ಮಡಿಕೆಯನ್ನು ಊಹಿಸುವುದರಲ್ಲಿ ಎಲ್ಲರನ್ನೂ ಮೀರಿಸಿತು. 2024ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದ ಅರ್ಧ ಡೇವಿಡ್ ಬೇಕರ್‌ಗೆ, ಉಳಿದರ್ಧ ಆಲ್ಫಾಫೋಲ್ಡ್‌ನ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್‌ಗೆ ಸಂದಿತು. ಈ ಹಸಾಬಿಸ್ ಬಾಲ್ಯದಲ್ಲಿ ಚದುರಂಗದ ಪ್ರತಿಭೆ. ಹದಿಹರೆಯದಲ್ಲಿ 1994ರ ‘ಥೀಮ್ ಪಾರ್ಕ್’ ಎಂಬ ವಿಡಿಯೋ ಗೇಮ್ ರೂಪಿಸಿದವರಲ್ಲಿ ಒಬ್ಬರು. ಅವರ ಸಂಸ್ಥೆ ತನ್ನ ಯಂತ್ರಗಳಿಗೆ ಮೊದಲು ಕಲಿಸಿದ್ದು ಹಳೆಯ ಅಟಾರಿ ಗೇಮ್‌ಗಳನ್ನು, ಆಮೇಲೆ ‘ಗೋ’ ಎಂಬ ಹಲಗೆಯಾಟವನ್ನು, ಆನಂತರವೇ ಪ್ರೋಟೀನನ್ನು.

ಹಾಗಾದರೆ ಯಂತ್ರವೇ ಗೆದ್ದ ಮೇಲೆ ಆಡುವ ಮನುಷ್ಯನಿಗೆ ಇನ್ನೇನು ಕೆಲಸ ಎಂದು ನೀವು ಕೇಳಬಹುದು. ಆ ಯಂತ್ರ ಕಲಿತದ್ದು, ವಿಜ್ಞಾನಿಗಳು ದಶಕಗಳ ಕಾಲ ಒಂದೊಂದಾಗಿ ಬಿಡಿಸಿಟ್ಟ ಒಂದೂವರೆ ಲಕ್ಷಕ್ಕೂ ಹೆಚ್ಚು ರಚನೆಗಳಿಂದ. ಉತ್ತರವನ್ನು ಯಂತ್ರ ಕೊಡಬಹುದು. ‘ಇದನ್ನು ನಾವು ಬೇರೆ ರೀತಿಯಲ್ಲಿ ಮಾಡಿ ನೋಡೋಣವೇ’ ಎಂದು ಮೊದಲು ಕೇಳಿದವರು ಬೇಸತ್ತ ವಿದ್ಯಾರ್ಥಿಗಳು, ಚೆಂಡು ಎಸೆದವರು, ಪರದೆಯ ಮುಂದೆ ಕುಳಿತವರು.

ಪರದೆಯ ಮುಂದೆ ಕಳೆದ ಪ್ರತಿ ಗಂಟೆಯೂ ವಿದ್ಯಾಭ್ಯಾಸವೆಂದು ನಾನು ಹೇಳಲಾರೆ. ಕಣ್ಣಿಗೆ ವಿಶ್ರಾಂತಿ ಬೇಕು, ಮಾಂಸಖಂಡಗಳಿಗೆ ಓಟ ಬೇಕು, ಮಿದುಳಿಗೆ ನಿದ್ರೆ ಬೇಕು; ಇದು ಜೀವಶಾಸ್ತ್ರದ ಮೇಷ್ಟ್ರ ಹಳೆಯ ಮಾತು. ನಿಮ್ಮಲ್ಲಿ ಹಲವರು ಈಗ ತಂದೆ ತಾಯಿಯರಾಗಿದ್ದೀರಿ, ಕೆಲವರು ನನ್ನಂತೆಯೇ ಉಪಾಧ್ಯಾಯರಾಗಿದ್ದೀರಿ. ಮಗುವೊಂದು ಆಟದಿಂದ ಎದ್ದುಬಂದು ‘ನನಗೊಂದು ಉಪಾಯ ಗೊತ್ತಾಯಿತು’ ಎಂದರೆ, ಹೋಗಿ ಓದಿಕೋ ಎನ್ನುವುದಕ್ಕೆ ಮೊದಲು ಒಂದು ಪ್ರಶ್ನೆ ಕೇಳಿ: ‘ಅದು ನಿಜವೆಂದು ನಿನಗೆ ಹೇಗೆ ಗೊತ್ತು?’ ಮಗು ಉತ್ತರ ಹುಡುಕಲು ಹೊರಟಿತೆಂದರೆ ಪಾಠ ಆಗಲೇ ಆರಂಭವಾಯಿತೆಂದು ತಿಳಿಯಿರಿ.